ಡಾಕ್ಟರ ಚೀಟಿ ಬೇಡದ ಸೇವೆಗಳು

(ಸುವರ್ಣ ಮಹೋತ್ಸವದ ಎರಡನೆಯ ದಿನದ ಆರೋಗ್ಯ ಗೋಷ್ಠಿಯಲ್ಲಿ ಶಾಲೆಯ ಹಳೆಯ ವಿದ್ಯಾರ್ಥಿನಿ, ನಿವೃತ್ತ ಹಿರಿಯ ಆರೋಗ್ಯ ಸಹಾಯಕಿಯೊಬ್ಬರು ಮಾಡಿದ ಭಾಷಣ)



ಆರೋಗ್ಯದ ಬಗ್ಗೆ ಇಪ್ಪತ್ತು ನಿಮಿಷ ಮಾತಾಡಿ ಎಂದು ಸಮಿತಿಯವರು ಹೇಳಿದ್ದಾರೆ. ಸೊಪ್ಪು ತಿನ್ನಿ, ಕೈ ತೊಳೆಯಿರಿ ಎಂದು ನಾನು ಶುರು ಮಾಡಿದರೆ ನೀವು ಮರ್ಯಾದೆಗೆ ತಲೆಯಾಡಿಸಿ ಊಟಕ್ಕೆ ಏಳುತ್ತೀರಿ. ಅದನ್ನು ಬಿಡುತ್ತೇನೆ. ಮೊದಲು ಸೈಕಲ್ಲಿನಲ್ಲಿ, ಆಮೇಲೆ ಮೊಪೆಡ್ಡಿನಲ್ಲಿ ಊರೂರು ಸುತ್ತಿದ ನನಗೆ ಜನ ಅತಿ ಹೆಚ್ಚು ಸಲ ಕೇಳಿದ ಮಾತು ಒಂದಿದೆ: "ಸಿಸ್ಟರ್, ಇದಕ್ಕೆ ಮೊದಲು ಡಾಕ್ಟರಿಗೆ ತೋರಿಸಬೇಕಲ್ವಾ?" ಎಷ್ಟೋ ಸಲ ಇದಕ್ಕೆ ನನ್ನ ಉತ್ತರ "ಬೇಡ, ನೇರವಾಗಿ ಹೋಗಿ" ಎಂಬುದೇ ಆಗಿತ್ತು. ಆ "ನೇರವಾಗಿ ಹೋಗಿ" ಎಂಬುದರ ಬಗ್ಗೆ ಇವತ್ತು ಮಾತಾಡುತ್ತೇನೆ.

ನಮ್ಮ ಕಡೆ ಡಾಕ್ಟರನ್ನು ನೋಡುವುದೆಂದರೆ ಸುಮ್ಮನೆಯೇ? ಬೆಳಗಿನ ಬಸ್ಸು ಹಿಡಿಯಬೇಕು, ಒಂದು ದಿನದ ಕೂಲಿ ಹೋಗುತ್ತದೆ. ಹೆಂಗಸಾದರೆ ಜೊತೆಗೊಬ್ಬರು ಬೇಕು, ಅವರ ಕೂಲಿಯೂ ಹೋಗುತ್ತದೆ. ದನಕ್ಕೆ ನೀರು ಕುಡಿಸುವವರನ್ನು ಹುಡುಕಬೇಕು. ಹಾಗಾಗಿ ಜನ "ಸೋಮವಾರ ನೋಡೋಣ" ಎನ್ನುತ್ತಾರೆ, ಆ ಸೋಮವಾರ ಬರುವುದೇ ಇಲ್ಲ. ಮಧ್ಯೆ ಮೆಡಿಕಲ್ ಸ್ಟೋರಿನಲ್ಲಿ ಎರಡು ಮಾತ್ರೆ, ಒಂದು ಸಿರಪ್ಪು. ಇಲ್ಲೇ ಒಂದು ಮಾತು ಸ್ಪಷ್ಟ ಮಾಡುತ್ತೇನೆ. ಡಾಕ್ಟರ ಚೀಟಿ ಇಲ್ಲದೆ ಸಿಗುವ ಸೇವೆ ಎಂದು ನಾನು ಹೇಳುವಾಗ ಮೆಡಿಕಲ್ ಸ್ಟೋರಿನ ಮಾತ್ರೆಯ ಮಾತು ಆಡುತ್ತಿಲ್ಲ. ಅಂಗಡಿಯವರು ಕೆಮ್ಮು ನಿಲ್ಲಿಸಬಹುದು, ಕೆಮ್ಮು ಏಕೆ ಬಂತೆಂದು ಅವರು ನೋಡುವುದಿಲ್ಲ.

ಕೆಮ್ಮಿನಿಂದಲೇ ಶುರು ಮಾಡೋಣ. ನಾನು ಕೆಲಸ ಮಾಡಿದ ಒಂದು ಊರಿನಲ್ಲಿ ಕಲ್ಲು ಕೆಲಸದವರೊಬ್ಬರು ಮೂರು ತಿಂಗಳು ಸಿರಪ್ಪು ಕುಡಿದರು. ಸಂಜೆ ಹೊತ್ತು ಸಣ್ಣ ಜ್ವರ, ಮೈ ಇಳಿದಿತ್ತು. ಮನೆಯಲ್ಲಿ ಇಬ್ಬರು ಹೆಣ್ಣುಮಕ್ಕಳು, ಮೂವರೂ ಒಂದೇ ಕೋಣೆಯಲ್ಲಿ ಮಲಗುತ್ತಿದ್ದರು. "ದುಡ್ಡು ಕೂಡಿದ ಮೇಲೆ ದೊಡ್ಡ ಡಾಕ್ಟರಿಗೆ ತೋರಿಸ್ತೀನಿ ಸಿಸ್ಟರ್" ಎನ್ನುತ್ತಿದ್ದರು. ಅವರಿಗೆ ಬೇಕಾಗಿದ್ದದ್ದು ಬಿಗಿ ಮುಚ್ಚಳದ ಒಂದು ಪ್ಲಾಸ್ಟಿಕ್ ಡಬ್ಬಿ ಮಾತ್ರ. ಎರಡು ವಾರಕ್ಕಿಂತ ಹೆಚ್ಚು ಕೆಮ್ಮಿದ್ದರೆ ಆಶಾ ಕಾರ್ಯಕರ್ತೆ ಆ ಡಬ್ಬಿ ಮನೆಗೇ ತಂದು ಕೊಡುತ್ತಾರೆ. ಕಫದ ಪರೀಕ್ಷೆಗೆ ಕಾಸಿಲ್ಲ. ಕ್ಷಯ ಎಂದು ಗೊತ್ತಾದರೆ ಆಮೇಲೆ ಡಾಕ್ಟರು ಬರುತ್ತಾರೆ, ಔಷಧಿ ಶುರುವಾಗುತ್ತದೆ, ಅದಕ್ಕೂ ಕಾಸಿಲ್ಲ. ಸಾಮಾನ್ಯ ಕ್ಷಯಕ್ಕೆ ಆರು ತಿಂಗಳ ಮಾತ್ರೆ. ಅಷ್ಟೂ ದಿನ ಪೌಷ್ಟಿಕ ಆಹಾರಕ್ಕೆಂದು ರೋಗಿಯ ಬ್ಯಾಂಕ್ ಖಾತೆಗೆ ನಿಕ್ಷಯ್ ಪೋಷಣ್ ಹಣ ಬರುತ್ತದೆ. ಮೊದಲು ತಿಂಗಳಿಗೆ 500 ರೂಪಾಯಿ ಇತ್ತು, 2024ರ ನವೆಂಬರ್‌ನಿಂದ 1000 ಆಗಿದೆ. ಆ ಮನೆಯ ಇಬ್ಬರು ಹುಡುಗಿಯರನ್ನೂ ಪರೀಕ್ಷಿಸಿದೆವು. ದೊಡ್ಡವಳಿಗೆ ಅಂಟಿತ್ತು. ತಂದೆ ಮಗಳು ಒಟ್ಟಿಗೆ ಮಾತ್ರೆ ನುಂಗಿ ಗುಣವಾದರು. ಹುಡುಗಿಗೆ ಮಾತ್ರ ಎಸ್ಸೆಸ್ಸೆಲ್ಸಿಯ ಒಂದು ವರ್ಷ ಹೋಯಿತು.

ಈಗ ನಮ್ಮ ಊರಿನ ಉಪಕೇಂದ್ರ. ಬಯಲು ಸೀಮೆಯಲ್ಲಿ 5000 ಜನಕ್ಕೆ ಒಂದು, ಮಲೆನಾಡಿನಂಥ ಕಡೆ 3000ಕ್ಕೆ ಒಂದು ಎಂದು ಲೆಕ್ಕ. ಬಹಳ ಜನಕ್ಕೆ ಅದು ಈಗಲೂ "ಚುಚ್ಚುಮದ್ದು ಹಾಕೋ ರೂಮು". ಬೋರ್ಡು ಬದಲಾಗಿದೆ, ಆಯುಷ್ಮಾನ್ ಆರೋಗ್ಯ ಮಂದಿರ ಎಂದು ಬರೆದಿದ್ದಾರೆ. ಹೆಸರು ಏನೇ ಇರಲಿ, ಒಳಗೆ ಆಗಿರುವ ಬದಲಾವಣೆ ದೊಡ್ಡದು: ಸಮುದಾಯ ಆರೋಗ್ಯ ಅಧಿಕಾರಿ ಎಂದು ತರಬೇತಿಯಾದವರು ಅಲ್ಲಿ ಕೂರುತ್ತಾರೆ. ಮೂವತ್ತು ದಾಟಿದ ಯಾರೇ ಹೋದರೂ ಬಿಪಿ, ಶುಗರ್ ನೋಡುತ್ತಾರೆ. ಬಾಯಿ, ಸ್ತನ, ಗರ್ಭಕೊರಳಿನ ಕ್ಯಾನ್ಸರ್ ಲಕ್ಷಣಗಳ ತಪಾಸಣೆಯೂ ಅವರ ಕೆಲಸವೇ. ಎಲೆ ಅಡಿಕೆ, ಗುಟ್ಕಾ ಹಾಕುವವರು ಬಾಯಿ ತೋರಿಸಲು ನಾಚುತ್ತೀರಿ, ಅವರೇ ಮೊದಲು ಹೋಗಬೇಕಾದವರು. ಒಮ್ಮೆ ಡಾಕ್ಟರು ಬಿಪಿ ಮಾತ್ರೆ ಬರೆದ ಮೇಲೆ ತಿಂಗಳು ತಿಂಗಳು ಅದಕ್ಕಾಗಿ ತಾಲ್ಲೂಕಿಗೆ ಓಡಬೇಕಿಲ್ಲ, ಇಲ್ಲೇ ಕೇಳಿ. ಡಾಕ್ಟರ ಮಾತು ಬೇಕೇ ಬೇಕು ಅನ್ನಿಸಿದರೆ ಇ-ಸಂಜೀವಿನಿ ಮೂಲಕ ವಿಡಿಯೋದಲ್ಲಿ ಅಲ್ಲಿಂದಲೇ ಮಾತಾಡಿಸುತ್ತಾರೆ. ನೆಟ್‌ವರ್ಕ್ ಸಿಕ್ಕ ದಿನ, ಅಷ್ಟೇ.

ಬಾಗಿಲು ಹಾಕಿದ್ದರೆ? ಹಾಕಿರುತ್ತದೆ, ನನಗೂ ಗೊತ್ತು. ಅವರು ಮನೆ ಭೇಟಿಗೋ ಮೀಟಿಂಗಿಗೋ ಹೋಗಿರುತ್ತಾರೆ. ಅದಕ್ಕೇ ಆಶಾ ಕಾರ್ಯಕರ್ತೆಯ ಫೋನ್ ನಂಬರು ಮನೆಯಲ್ಲಿ ಬರೆದಿಟ್ಟುಕೊಳ್ಳಿ. ತಿಂಗಳಿಗೊಮ್ಮೆ ಅಂಗನವಾಡಿಯಲ್ಲಿ ಆರೋಗ್ಯ ಮತ್ತು ಪೌಷ್ಟಿಕ ದಿನ ಇರುತ್ತದೆ, ಆ ದಿನ ಎಲ್ಲರೂ ಒಂದೇ ಕಡೆ ಸಿಗುತ್ತಾರೆ.

ಇನ್ನು ಮನಸ್ಸಿನ ವಿಷಯ. ಇದಕ್ಕೆ ಸ್ವಲ್ಪ ಹೆಚ್ಚು ಸಮಯ ತೆಗೆದುಕೊಳ್ಳುತ್ತೇನೆ, ಅಧ್ಯಕ್ಷರು ಗಂಟೆ ಹೊಡೆಯಬಾರದು.

ನಿದ್ದೆ ಬಾರದವರು, ಊಟ ಬಿಟ್ಟವರು, ಒಬ್ಬರೇ ಮಾತಾಡಿಕೊಳ್ಳುವವರು, ಬೆಳೆ ಹೋಗಿ ಸಾಲಕ್ಕೆ ಬಿದ್ದು ಜಗಲಿಯ ಮೇಲೆ ಸುಮ್ಮನೆ ಕೂತವರು ಇಲ್ಲದ ಊರಿಲ್ಲ. ಇವರನ್ನು ಮೊದಲು ದೇವಸ್ಥಾನಕ್ಕೆ ಕರೆದೊಯ್ಯುತ್ತೇವೆ. ಹರಕೆ ಹೊರುವುದು ಬೇಡ ಎಂದು ನಾನು ಯಾರಿಗೂ ಹೇಳಿಲ್ಲ, ಅದರ ಜೊತೆಗೆ ಇದನ್ನೂ ಮಾಡಿ ಎಂದಿದ್ದೇನೆ. ಆದರೆ "ಮೆಂಟಲ್ ಡಾಕ್ಟರ ಹತ್ತಿರ ಹೋದರು ಅಂತ ಗೊತ್ತಾದರೆ ಹುಡುಗಿಗೆ ಗಂಡು ಸಿಗಲ್ಲ" ಎನ್ನುತ್ತಾರೆ. ಇಂಥವರಿಗಾಗಿಯೇ 14416 ಇದೆ. ಟೆಲಿ ಮನಸ್ ಎನ್ನುತ್ತಾರೆ, 2022ರ ಅಕ್ಟೋಬರ್ 10ರಂದು ಶುರುವಾಯಿತು. ಹಗಲೂ ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ. ಮೊದಲು ಫೋನ್ ಎತ್ತುವವರು ಆಪ್ತ ಸಮಾಲೋಚಕರು. ಬೇಕಾದರೆ ಅವರೇ ಮನೋವೈದ್ಯರಿಗೆ ಜೋಡಿಸುತ್ತಾರೆ, ಹತ್ತಿರದ ಆಸ್ಪತ್ರೆ ಯಾವುದೆಂದು ಹೇಳುತ್ತಾರೆ. ರೋಗಿಯೇ ಮಾತಾಡಬೇಕೆಂದಿಲ್ಲ. ನನ್ನ ಪರಿಚಯದ ಒಬ್ಬ ತಾಯಿ, ಮಗ ಮೂರು ರಾತ್ರಿ ಮಲಗದೆ ಅಂಗಳದಲ್ಲಿ ಓಡಾಡಿದಾಗ, ದನದ ಕೊಟ್ಟಿಗೆಯಲ್ಲಿ ನಿಂತು ಈ ನಂಬರಿಗೆ ಮಾತಾಡಿದರು. ಮನೆಯ ಕೀಟನಾಶಕದ ಡಬ್ಬಿಗಳನ್ನು ಮೊದಲು ಪಕ್ಕದ ಮನೆಗೆ ಸಾಗಿಸಿ ಎಂದು ಅವರು ಹೇಳಿದರಂತೆ. ಆ ರಾತ್ರಿ ಅಷ್ಟು ಮಾಡಿದರು. ಮರುವಾರ ಹುಡುಗ ತಾನೇ ಆಸ್ಪತ್ರೆಗೆ ಹೊರಟ. ಈಗ ತೋಟ ನೋಡಿಕೊಂಡಿದ್ದಾನೆ.

ಈ ದಾರಿ ನಮ್ಮ ಕರ್ನಾಟಕಕ್ಕೆ ಹೊಸದಲ್ಲ. ಬಳ್ಳಾರಿ ಜಿಲ್ಲೆಯಲ್ಲಿ 1985ರಿಂದ ನಿಮ್ಹಾನ್ಸ್‌ನವರು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಮನೆಮನೆ ಸುತ್ತುವ ನಮ್ಮಂಥವರಿಗೂ ಮಾನಸಿಕ ಕಾಯಿಲೆ ಗುರುತಿಸುವುದನ್ನು ಕಲಿಸಿ ನೋಡಿದರು. ಅದೇ ಮಾದರಿಯಿಂದ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ದೇಶದಲ್ಲಿ ಶುರುವಾಯಿತು. ಹಳ್ಳಿಯ ಕಾರ್ಯಕರ್ತೆ ಬಾಗಿಲಲ್ಲಿ ನಿಂತು ಗುರುತಿಸಬಲ್ಲಳು ಎಂದು ಆಗಲೇ ತೋರಿಸಿಕೊಟ್ಟಿದ್ದಾರೆ. ಆದ್ದರಿಂದ ಆಶಾ ಹತ್ತಿರ ಬರೀ ಬಾಣಂತಿಯ ವಿಷಯ ಮಾತಾಡಬೇಕೆಂದು ತಿಳಿಯಬೇಡಿ.

ಹೆಣ್ಣುಮಕ್ಕಳೇ, ಮನೆಯಲ್ಲಿ ಹೊಡೆತ ಬಡಿತ ಇದ್ದರೆ 181ಕ್ಕೆ ಫೋನ್ ಮಾಡಬಹುದು. ಜಿಲ್ಲಾ ಕೇಂದ್ರದಲ್ಲಿ ಸಖಿ ಕೇಂದ್ರವಿದೆ. ಚಿಕಿತ್ಸೆ, ವಕೀಲರ ಸಲಹೆ, ಪೊಲೀಸ್ ನೆರವು, ಕೆಲವು ದಿನ ಉಳಿಯಲು ಜಾಗ, ಎಲ್ಲ ಅಲ್ಲೇ. ಮೊದಲು ದೂರು ಕೊಟ್ಟು ಬನ್ನಿ ಎನ್ನುವುದಿಲ್ಲ. ಮಕ್ಕಳಿಗೆ 1098. ಮುಂದಿನ ಸಾಲಿನವರು ಈಗಲೇ ಬಾಯಿಪಾಠ ಮಾಡಿಕೊಳ್ಳಿ: ಹತ್ತು, ಒಂಬತ್ತು, ಎಂಟು. ದೊಡ್ಡ ಮಕ್ಕಳಿಗೆ ಸ್ನೇಹಾ ಕ್ಲಿನಿಕ್ ಇದೆ, ಮುಟ್ಟಿನ ತೊಂದರೆ, ಮೊಡವೆ, ಪರೀಕ್ಷೆಯ ಭಯ, ಏನನ್ನಾದರೂ ಕೇಳಬಹುದು. ವಯಸ್ಸಾದವರಿಗೆ 14567. ಎಚ್‌ಐವಿ ಬಗ್ಗೆ ಅನುಮಾನವಿದ್ದರೆ ತಾಲ್ಲೂಕು ಆಸ್ಪತ್ರೆಯ ಐಸಿಟಿಸಿ ಕೋಣೆಗೆ ನೇರ ಹೋಗಿ. ಒಪ್ಪಿಗೆ ಇಲ್ಲದೆ ಪರೀಕ್ಷೆ ಮಾಡುವಂತಿಲ್ಲ, ಫಲಿತಾಂಶ ಹೊರಗೆ ಹೇಳುವಂತಿಲ್ಲ, 2017ರ ಕಾಯ್ದೆಯೇ ಇದೆ.

ಅಂಗವಿಕಲರ ವಿಷಯ ಹೇಳದೆ ಕೂರಲಾರೆ. ಪ್ರಮಾಣಪತ್ರಕ್ಕೆ ಕೊನೆಗೆ ಡಾಕ್ಟರು ಬೇಕೇ ಬೇಕು, ಆದರೆ ಓಡಾಟ ಅಲ್ಲಿಂದ ಶುರು ಮಾಡಬೇಡಿ. ಗ್ರಾಮ ಪಂಚಾಯಿತಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇದ್ದಾರೆ, ತಾಲ್ಲೂಕಿನಲ್ಲಿ ಎಂಆರ್‌ಡಬ್ಲ್ಯು ಇದ್ದಾರೆ. ಅರ್ಜಿ, ಫೋಟೋ, ಯಾವ ದಿನ ಎಲ್ಲಿಗೆ ಬರಬೇಕು ಎಂಬುದೆಲ್ಲ ಅವರ ಕೆಲಸ. 2016ರ ಕಾಯ್ದೆಯಲ್ಲಿ 21 ಬಗೆಯ ಅಂಗವೈಕಲ್ಯ ಸೇರಿವೆ. ಮಾನಸಿಕ ಕಾಯಿಲೆ, ಕಲಿಕೆಯ ತೊಂದರೆ ಕೂಡ. ಶಿಕ್ಷಕ ಮಿತ್ರರು ಇದನ್ನು ಗಮನಿಸಬೇಕು. ನಾಲ್ಕನೇ ಬೆಂಚಿನಲ್ಲಿ ಕೂತು ಅಕ್ಷರ ತಿರುಗಿಸಿ ಬರೆಯುವ ಹುಡುಗ ದಡ್ಡನಾಗಿರಬೇಕಿಲ್ಲ.

ಇಷ್ಟು ಹೇಳಿ ಇನ್ನೊಂದು ಬದಿಯನ್ನೂ ಹೇಳಬೇಕು. ಎದೆನೋವು, ಹಾವು ಕಡಿತ, ಒಂದು ಕಡೆ ಕೈಕಾಲು ಬಿದ್ದು ಹೋಗುವುದು, ಬಸುರಿಗೆ ರಕ್ತಸ್ರಾವ, ವಿಷ ಸೇವನೆ: ಇವಕ್ಕೆ ಉಪಕೇಂದ್ರವೂ ಬೇಡ, ಸಲಹೆಯೂ ಬೇಡ, 108. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಕಾರ್ಡಿನಲ್ಲಿ ಖಾಸಗಿ ಆಸ್ಪತ್ರೆಗೆ ಹೋಗಬೇಕಾದರೆ ಸರ್ಕಾರಿ ಆಸ್ಪತ್ರೆಯ ಶಿಫಾರಸು ಚೀಟಿ ಬೇಕು, ತುರ್ತು ಇದ್ದಾಗ ಮಾತ್ರ ಬೇಡ. ಇದು ಗೊತ್ತಿಲ್ಲದೆ ನೇರ ಹೋಗಿ ಬಿಲ್ಲು ಕಟ್ಟಿ ಹೊಲ ಅಡ ಇಟ್ಟವರನ್ನು ನೋಡಿದ್ದೇನೆ.

ಹಳೆಯ ವಿದ್ಯಾರ್ಥಿ ಸಂಘದವರಲ್ಲಿ ಒಂದು ಕೋರಿಕೆ. ಕಾಂಪೌಂಡಿಗೆ ಸುಣ್ಣ ಹೊಡೆಸಿದ್ದೀರಿ, ಚೆನ್ನಾಗಿದೆ. ರಸ್ತೆಯ ಕಡೆಯ ಗೋಡೆಯಲ್ಲಿ ಎರಡು ಮಾರು ಜಾಗ ಬಿಟ್ಟುಕೊಡಿ. ಡ್ರಾಯಿಂಗ್ ಮೇಷ್ಟರು ದಪ್ಪ ಅಕ್ಷರದಲ್ಲಿ 108, 104, 112, 181, 1098, 14416, 14567 ಎಂದು ಬರೆಯಲಿ. ಯಾವುದು ಯಾತಕ್ಕೆ ಎಂದು ಪಕ್ಕದಲ್ಲಿ ಒಂದೊಂದು ಪದ ಸಾಕು. ಕೆಳಗೆ ಆಶಾ ಕಾರ್ಯಕರ್ತೆಯ ಹೆಸರು, ಉಪಕೇಂದ್ರದ ಸಮಯ ಇರಲಿ. ಅದನ್ನು ಸೀಮೆಸುಣ್ಣದಲ್ಲಿ ಬರೆಯಿರಿ, ಆಗಾಗ ಬದಲಾಗುತ್ತದೆ. ಬಸ್ಸಿಗೆ ಕಾಯುವವರು ಓದುತ್ತಾರೆ. ಬಣ್ಣದ ಖರ್ಚು ನನ್ನದು.

ಊಟಕ್ಕೆ ಹೋಗುವ ಮುಂಚೆ ಒಂದು ಪ್ರಕಟಣೆ. ಎಂಟನೇ ತರಗತಿ ಬಿ ವಿಭಾಗದ ಕೊಠಡಿಯಲ್ಲಿ ನಮ್ಮ ಉಪಕೇಂದ್ರದವರು ಬಿಪಿ, ಶುಗರ್ ಯಂತ್ರ ಇಟ್ಟುಕೊಂಡು ಕೂತಿದ್ದಾರೆ. ಆಧಾರ್ ತಂದಿಲ್ಲ ಎಂದು ಹಿಂಜರಿಯಬೇಡಿ. ಮೂವತ್ತು ದಾಟಿದವರೆಲ್ಲ ಹೋಗಿ, ಗಂಡಸರು ಮೊದಲು.