ಜಾಡು ತಪ್ಪಿದವರ ಲೆಕ್ಕ

ಫ್ರೀಮ್ಯಾಂಟಲ್‌ನಲ್ಲಿ ಸೇರಿದ್ದ ಕನ್ನಡ ಓದುಗರ ಕೂಟದಲ್ಲಿ ಮಾಡಿದ ಭಾಷಣದ ಬರಹರೂಪ



ದುಡಿಯುತ್ತಲೇ ಸಾರ್ವಜನಿಕ ಆರೋಗ್ಯದಲ್ಲಿ ಸ್ನಾತಕೋತ್ತರ ಪದವಿ ಓದುವುದರ ಬಗ್ಗೆ ಮಾತನಾಡಬೇಕೆಂದು ನೀವು ಕೇಳಿದಿರಿ. ನಿಮ್ಮ ಮನಸ್ಸಿನಲ್ಲಿದ್ದದ್ದು ಬಹುಶಃ ಮಾರ್ಗದರ್ಶನದ ಮಾತು: ಯಾವ ವಿಶ್ವವಿದ್ಯಾಲಯ, ಎಷ್ಟು ಖರ್ಚು, ಹೇಗೆ ಹೊಂದಿಸಿಕೊಳ್ಳುವುದು. ಅದನ್ನೂ ಹೇಳುತ್ತೇನೆ. ಆದರೆ ಈ ಓದು ನನಗೆ ಒಂದು ಪ್ರಶ್ನೆಯನ್ನು ಕಲಿಸಿದೆ. ಎದುರಿಗೆ ಯಾವುದೇ ಅಂಕಿ ಅಂಶ ಬಂದರೂ, ಈ ಲೆಕ್ಕದಿಂದ ಬಿಟ್ಟುಹೋದವರು ಯಾರು ಎಂದು ಕೇಳುವುದು. ಆ ಪ್ರಶ್ನೆಯನ್ನು ಈ ಓದಿನ ಮೇಲೆಯೇ ಹಾಕಿ ನೋಡುವ ಆಸೆ ನನ್ನದು.

ಮೊದಲು ಹೆಸರಿನ ತೊಡಕು. ಊರಿಗೆ ಫೋನ್ ಮಾಡಿ 'ಸಾರ್ವಜನಿಕ ಆರೋಗ್ಯ ಓದುತ್ತಿದ್ದೇನೆ' ಎಂದರೆ, 'ಅಲ್ಲಿಯೂ ಸರಕಾರಿ ಆಸ್ಪತ್ರೆ ಉಂಟೇ?' ಎಂದು ಕೇಳುತ್ತಾರೆ. ನಮ್ಮ ಭಾಷೆಯಲ್ಲಿ ಸಾರ್ವಜನಿಕ ಎಂಬುದಕ್ಕೆ ಸರಕಾರಿ ಎಂಬ ಅರ್ಥ ಅಂಟಿಕೊಂಡಿದೆ. ಈ ಶಾಸ್ತ್ರಕ್ಕೆ ಬೇಕಾದ ಅರ್ಥ ಬೇರೆ. ಒಬ್ಬ ರೋಗಿಯ ಮಂಚದ ಬಳಿ ನಿಂತು ನೋಡುವುದು ವೈದ್ಯಕೀಯ. ಆ ಮಂಚಕ್ಕೆ ಯಾವ ಕೇರಿಯವರು, ಯಾವ ಕಸುಬಿನವರು ಮತ್ತೆ ಮತ್ತೆ ಬಂದು ಮಲಗುತ್ತಾರೆ, ಏಕೆ ಎಂದು ನೋಡುವುದು ಇದು.

ನಾನು ವೃದ್ಧರ ಆರೈಕೆ ಕೇಂದ್ರವೊಂದರಲ್ಲಿ ನರ್ಸ್. ನಿಮ್ಮಲ್ಲಿಯೂ ಹಲವರು ಅಂಥಲ್ಲಿ ದುಡಿಯುವವರು. ರಾಜ ಆಯೋಗವು 2021ರಲ್ಲಿ ಕೊಟ್ಟ ಅಂತಿಮ ವರದಿಯ ಬಳಿಕ ಈ ದೇಶದಲ್ಲಿ ಒಂದು ಸಂಖ್ಯೆ ಕಾನೂನಿನೊಳಕ್ಕೆ ಬಂತು. 2024ರ ಅಕ್ಟೋಬರ್‌ನಿಂದ ಪ್ರತಿ ನಿವಾಸಿಗೆ ದಿನಕ್ಕೆ ಸರಾಸರಿ 215 ನಿಮಿಷಗಳ ಆರೈಕೆ ಸಿಗಬೇಕು; ಅದರಲ್ಲಿ 44 ನಿಮಿಷ ನೋಂದಾಯಿತ ನರ್ಸ್‌ನದು. ಇದು ಹೋರಾಟದಿಂದ ಬಂದ ಗೆಲುವು, ಹಗುರವಾಗಿ ನೋಡುವಂಥದ್ದಲ್ಲ. ಆದರೆ ಬಯೋಸ್ಟಾಟಿಸ್ಟಿಕ್ಸ್ ತರಗತಿಯ ಮೊದಲ ಪಾಠಗಳಲ್ಲೇ ಸರಾಸರಿ ಎಂಬ ಪದದ ಮುಂದೆ ನಿಲ್ಲುವುದನ್ನು ಕಲಿಸುತ್ತಾರೆ. ಹಗಲಿನ ನಿಮಿಷಗಳೂ ರಾತ್ರಿಯ ನಿಮಿಷಗಳೂ ಆ ಸರಾಸರಿಯಲ್ಲಿ ಒಂದೇ ಚೀಲಕ್ಕೆ ಬೀಳುತ್ತವೆ. ರಾತ್ರಿ ಎರಡು ಗಂಟೆಗೆ ಶೌಚಕ್ಕೆ ಏಳುವ ಅಜ್ಜಿಗೆ ಸರಾಸರಿಯಿಂದ ಏನೂ ಆಗದು. ಆ ಹೊತ್ತಿಗೆ ಕಾರಿಡಾರಿನಲ್ಲಿ ಒಬ್ಬರು ಬೇಕು. ಅದೇ ವಾರ ರಾತ್ರಿ ಪಾಳಿ ಮಾಡಿ ಬಂದವರಿಗೆ ಈ ಪಾಠ ಬೇಗ ಹತ್ತುತ್ತದೆ. ದುಡಿಯುತ್ತ ಓದುವುದನ್ನು ಎಲ್ಲರೂ ಕಷ್ಟವೆಂದೇ ಬಣ್ಣಿಸುತ್ತಾರೆ. ಕಷ್ಟ ನಿಜ. ಆದರೆ ನೇರವಾಗಿ ಪದವಿಯಿಂದ ಪದವಿಗೆ ನಡೆದು ಬಂದ ಸಹಪಾಠಿಗಳಿಗೆ ಇಲ್ಲದ ಒಂದು ಆಸ್ತಿ ನಮ್ಮಲ್ಲಿರುತ್ತದೆ: ಕೋಷ್ಟಕದ ಪ್ರತಿಯೊಂದು ಮನೆಯ ಹಿಂದೆಯೂ ಯಾರಾದರೊಬ್ಬರ ಮುಖ ಕಾಣುತ್ತದೆ.

ಈಗ ಫ್ರೀಮ್ಯಾಂಟಲ್‌ಗೆ ಬರೋಣ. ನಾವು ಕುಳಿತಿರುವ ಈ ಸಭಾಂಗಣದಿಂದ ಬಂದರು ದೂರವಿಲ್ಲ. ಈ ರಾಜ್ಯದ ಉತ್ತರದಲ್ಲಿ, ಪಿಲ್ಬರಾ ಸೀಮೆಯಲ್ಲಿ, ವಿಟ್ಟನೂಮ್ ಎಂಬ ಗಣಿಯೂರಿತ್ತು. 1943ರಿಂದ 1966ರವರೆಗೆ ಸಿ.ಎಸ್.ಆರ್. ಕಂಪನಿಯ ಅಂಗಸಂಸ್ಥೆ ಅಲ್ಲಿ ನೀಲಿ ಆಸ್‌ಬೆಸ್ಟಾಸ್ ತೆಗೆಯಿತು. ಸೆಣಬಿನ ಚೀಲಗಳಲ್ಲಿ ತುಂಬಿ ಪಾಯಿಂಟ್ ಸ್ಯಾಮ್ಸನ್‌ನಿಂದ ಹಡಗೇರಿಸಿ ಇದೇ ಬಂದರಿಗೆ ತಂದು ಇಳಿಸಿತು. ಸೆಣಬಿನ ನೇಯ್ಗೆಯ ಸಂದುಗಳಿಂದ ನಾರು ಸೋರುತ್ತದೆ. ಹೊತ್ತವರ ಅಂಗಿಯ ಮೇಲೆ ಕೂರುತ್ತದೆ. ಅಂಗಿ ಮನೆಗೆ ಹೋಗುತ್ತದೆ. ಮನೆಯಲ್ಲಿ ಹೆಂಗಸರು ಅದನ್ನು ಕೊಡವಿ ಒಗೆಯುತ್ತಾರೆ.

ತಿಳಿದಿರಲಿಲ್ಲವೇ? ತಿಳಿದಿತ್ತು. ವಿಮಾನದಲ್ಲಿ ಊರೂರಿಗೆ ಹಾರಿ ಚಿಕಿತ್ಸೆ ಕೊಡುತ್ತಿದ್ದ ಎರಿಕ್ ಸೇಂಟ್ ಎಂಬ ವೈದ್ಯರು 1948ರಲ್ಲಿಯೇ ಆ ಧೂಳಿನ ಅಪಾಯದ ಬಗ್ಗೆ ಸಾರ್ವಜನಿಕ ಆರೋಗ್ಯ ಇಲಾಖೆಗೆ ಬರೆದು ಎಚ್ಚರಿಸಿದ್ದರು. ಗಣಿ ಮತ್ತೆ 18 ವರ್ಷ ನಡೆಯಿತು. ಮುಚ್ಚಿದ್ದು ಕೂಡ ಲಾಭ ಬರುತ್ತಿಲ್ಲವೆಂಬ ಕಾರಣಕ್ಕೆ. ಸೇಂಟ್ ಮುಂದೆ ಪಶ್ಚಿಮ ಆಸ್ಟ್ರೇಲಿಯಾ ವಿಶ್ವವಿದ್ಯಾಲಯದಲ್ಲಿ ವೈದ್ಯಶಾಸ್ತ್ರದ ಮೊದಲ ಪ್ರಾಧ್ಯಾಪಕರಾದರು.

ಅಲ್ಲಿ ದುಡಿದವರು ಸುಮಾರು 7,000 ಮಂದಿ. ಬಹಳಷ್ಟು ಜನ ಯುದ್ಧಾನಂತರ ಯೂರೋಪಿನಿಂದ, ಅದರಲ್ಲೂ ಇಟಲಿಯಿಂದ, ಬಂದ ವಲಸಿಗರು. ಹೆಚ್ಚಿನವರು ಅಲ್ಲಿ ನಿಂತದ್ದು ಕೆಲವೇ ತಿಂಗಳು. ಮೀಸೋಥೀಲಿಯೋಮಾ ಎಂಬ ಕ್ಯಾನ್ಸರ್ ಕಾಣಿಸಿಕೊಳ್ಳುವುದು 30, 40 ವರ್ಷಗಳ ನಂತರ. ಅಷ್ಟರಲ್ಲಿ ಆ ಮನುಷ್ಯ ಯಾವ ಊರಿನಲ್ಲಿ ಯಾವ ಕೆಲಸದಲ್ಲಿರುತ್ತಾನೋ! ಇಲ್ಲಿಯ ಸಂಶೋಧಕರು ಕಂಪನಿಯ ನೌಕರಿ ದಾಖಲೆಗಳನ್ನು ಹಿಡಿದು, ಮರಣ ನೋಂದಣಿಯಲ್ಲಿ, ಕ್ಯಾನ್ಸರ್ ನೋಂದಣಿಯಲ್ಲಿ, ಮತದಾರರ ಪಟ್ಟಿಯಲ್ಲಿ ಆ ಹೆಸರುಗಳನ್ನು ದಶಕಗಳ ಕಾಲ ಹುಡುಕಿದರು. ಇದನ್ನು ಕೋಹಾರ್ಟ್ ಅಧ್ಯಯನ ಎನ್ನುತ್ತಾರೆ. ಜಗತ್ತು ಇಂದು ಆಸ್‌ಬೆಸ್ಟಾಸ್ ಬಗ್ಗೆ ತಿಳಿದಿರುವುದರಲ್ಲಿ ದೊಡ್ಡ ಪಾಲು ಆ ಹುಡುಕಾಟದ್ದು. ಆದರೂ ಎಲ್ಲರೂ ಸಿಗಲಿಲ್ಲ. ಸಿಗದವರಿಗೆ ಈ ಶಾಸ್ತ್ರ ಒಂದು ತಣ್ಣಗಿನ ಹೆಸರಿಟ್ಟಿದೆ: ಲಾಸ್ಟ್ ಟು ಫಾಲೋ-ಅಪ್. ಜಾಡು ತಪ್ಪಿದವರು ಎಂದು ನಾನು ಕನ್ನಡಿಸಿಕೊಂಡಿದ್ದೇನೆ. ಇದಕ್ಕಿಂತ ಒಳ್ಳೆಯ ಪದ ನಿಮಗೆ ಹೊಳೆದರೆ ಹೇಳಿ.

ನಮ್ಮದೇ ಗಣಿಯೂ ಇದೆಯಲ್ಲ. ಕೋಲಾರದ ಚಿನ್ನದ ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ಸಿಲಿಕೋಸಿಸ್ ಎಂಬ ಕಲ್ಲುಧೂಳಿನ ಶ್ವಾಸಕೋಶ ಕಾಯಿಲೆ ಭಾರತದ ವೈದ್ಯಕೀಯ ಪಠ್ಯಗಳಿಗೆ ಸೇರಿದ್ದೇ ಅಲ್ಲಿಂದ. 1940ರ ದಶಕದ ಸಮೀಕ್ಷೆಯೊಂದರಲ್ಲಿ ಪರೀಕ್ಷಿಸಿದ ಕಾರ್ಮಿಕರ ಪೈಕಿ ಶೇಕಡ 40ಕ್ಕಿಂತ ಹೆಚ್ಚು ಮಂದಿಗೆ ಆ ಕಾಯಿಲೆ ಕಂಡುಬಂತು. ಬಹುಪಾಲು ದಲಿತರು, ತಮಿಳು ತೆಲುಗು ಸೀಮೆಗಳಿಂದ ಬಂದವರು. ಇಷ್ಟು ದೊಡ್ಡ ಸಂಖ್ಯೆಯೂ ಪೂರ್ತಿ ಸಂಖ್ಯೆಯಲ್ಲ ಎಂಬುದು ನನಗೆ ತಿಳಿದದ್ದು ಈ ಓದಿನಿಂದ. ಗಣಿಯ ಬಾಗಿಲಲ್ಲಿ ನಿಂತು ಕಾರ್ಮಿಕರನ್ನು ಪರೀಕ್ಷಿಸಿದಾಗ ಸಿಗುವವರು ಇನ್ನೂ ಕೆಳಗಿಳಿಯುವ ಶಕ್ತಿ ಉಳಿದವರು. ಉಸಿರು ಸಾಲದೆ ಕೆಲಸ ಬಿಟ್ಟು ಊರು ಸೇರಿದವನು ಆ ಸಾಲಿನಲ್ಲಿ ನಿಂತಿರುವುದಿಲ್ಲ. ಹಾಗಾಗಿ ದುಡಿಯುವವರನ್ನಷ್ಟೇ ಎಣಿಸಿದರೆ ಎಂಥ ಕೆಟ್ಟ ಕೆಲಸದ ಜಾಗವೂ ಇದ್ದುದಕ್ಕಿಂತ ಆರೋಗ್ಯವಾಗಿ ಕಾಣುತ್ತದೆ. ಪಠ್ಯದಲ್ಲಿ ಇದಕ್ಕೆ 'ಆರೋಗ್ಯವಂತ ಕಾರ್ಮಿಕ ಪರಿಣಾಮ' ಎಂದು ಹೆಸರು. ಅದೇ ಸಿಲಿಕಾ ಧೂಳು ಇಲ್ಲಿ ನಮ್ಮ ಹೊಸ ಮನೆಗಳ ಅಡುಗೆಕಟ್ಟೆಯ ರೂಪದಲ್ಲಿ ಮರಳಿ ಬಂದು, ಅದನ್ನು ಕೊಯ್ಯುವ ಹುಡುಗರ ಶ್ವಾಸಕೋಶ ಸೇರಿತ್ತು. 2024ರ ಜುಲೈ 1ರಿಂದ ಕೃತಕ ಕಲ್ಲನ್ನು ನಿಷೇಧಿಸಿ ಆಸ್ಟ್ರೇಲಿಯಾ ಜಗತ್ತಿಗೇ ಮೊದಲ ದೇಶವಾಯಿತು. ಸಂಘಟಿತ ಕಾರ್ಮಿಕರು ಹಿಡಿದ ಪಟ್ಟು ಇಲ್ಲದಿದ್ದರೆ ಅದು ಆಗುತ್ತಿರಲಿಲ್ಲ.

ಈ ಪರಿಣಾಮವನ್ನು ಈಗ ನಮ್ಮ ಓದಿಗೆ ಅನ್ವಯಿಸಿ ನೋಡಿ. ವಿಶ್ವವಿದ್ಯಾಲಯದ ಪ್ರಚಾರಪತ್ರದಲ್ಲಿ ನಗುತ್ತಿರುವ ಪದವೀಧರರೆಲ್ಲ ಮುಗಿಸಿದವರು. ಇಂಥ ವೇದಿಕೆಗೆ ಕರೆಯುವುದೂ ಓದಿನಲ್ಲಿ ಉಳಿದುಕೊಂಡವರನ್ನೇ. ಎರಡನೆಯ ಸೆಮಿಸ್ಟರಿಗೆ ಬಿಟ್ಟವರನ್ನು ಯಾರೂ ಭಾಷಣಕ್ಕೆ ಕರೆಯುವುದಿಲ್ಲ. ಆದ್ದರಿಂದ 'ಮನಸ್ಸಿದ್ದರೆ ಸಾಧ್ಯ' ಎಂಬ ಮಾತನ್ನು ನಾನು ಹೇಳಲಾರೆ. ಅದು ಸರಿಯಾದ ಲೆಕ್ಕವಲ್ಲ.

ಲೆಕ್ಕವನ್ನೇ ಇಡುತ್ತೇನೆ. ಪೂರ್ಣಾವಧಿಯಲ್ಲಿ ಒಂದೂವರೆ ಎರಡು ವರ್ಷದ ಪದವಿ, ಅರೆಕಾಲಿಕವಾಗಿ ಮೂರು ನಾಲ್ಕು ವರ್ಷ. ಒಂದೊಂದು ವಿಷಯಕ್ಕೆ ವಾರಕ್ಕೆ ಹತ್ತು ಗಂಟೆಯಾದರೂ ಬೇಕು. ಇಲ್ಲಿ ಕರ್ಟಿನ್ ಮತ್ತು ಪಶ್ಚಿಮ ಆಸ್ಟ್ರೇಲಿಯಾ ವಿಶ್ವವಿದ್ಯಾಲಯ, ಬ್ರಿಸ್ಬೇನ್‌ನಲ್ಲಿ ಕ್ವೀನ್ಸ್‌ಲ್ಯಾಂಡ್, ಅಡಿಲೇಡ್‌ನಲ್ಲಿ ಫ್ಲಿಂಡರ್ಸ್: ಇವೆಲ್ಲ ಈ ಪದವಿ ಕೊಡುತ್ತವೆ. ಮೊದಲ ನಾಲ್ಕು ವಿಷಯ ಮುಗಿಸಿ ಗ್ರಾಜುಯೇಟ್ ಸರ್ಟಿಫಿಕೇಟ್ ಹಿಡಿದು ಹೊರಬರುವ ದಾರಿ ಸಾಮಾನ್ಯವಾಗಿ ಇರುತ್ತದೆ. ಸೇರುವ ಮುನ್ನವೇ ಅದನ್ನು ಕೇಳಿಟ್ಟುಕೊಳ್ಳಿ.

ಶುಲ್ಕದ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು. ನಮ್ಮವರು ಜಾಡು ತಪ್ಪುವುದು ಹೆಚ್ಚಾಗಿ ಇಲ್ಲಿಯೇ. ವಿದ್ಯಾರ್ಥಿ ವೀಸಾದವರಿಗೆ ಅರೆಕಾಲಿಕ ಓದಿನ ದಾರಿ ಹೆಚ್ಚುಕಡಿಮೆ ಮುಚ್ಚಿದೆ; ಅವರು ನಿಗದಿತ ಅವಧಿಯೊಳಗೆ ಮುಗಿಸಲೇಬೇಕು. ತಾತ್ಕಾಲಿಕ ಕೆಲಸದ ವೀಸಾದವರಿಗೆ ಅಂತರರಾಷ್ಟ್ರೀಯ ಶುಲ್ಕ. ಪಿ.ಆರ್. ಸಿಕ್ಕವರಿಗೆ ಶುಲ್ಕ ಇಳಿಯುತ್ತದೆ, ಸಾಲ ಸಿಗುವುದಿಲ್ಲ. ಫೀ-ಹೆಲ್ಪ್ ಎಂಬ ಸರಕಾರಿ ಸಾಲ ಮುಖ್ಯವಾಗಿ ಪೌರರಿಗೆ, ಮತ್ತೆ ಮಾನವೀಯ ನೆಲೆಯ ಕಾಯಂ ವೀಸಾ ಪಡೆದವರಿಗೆ. ಪಿ.ಆರ್. ಆದ ನರ್ಸ್ ತೆರಿಗೆ ಕಟ್ಟುತ್ತಾಳೆ, ಸಾಂಕ್ರಾಮಿಕ ಬಂದಾಗ ಮೊದಲ ಸಾಲಿನಲ್ಲಿ ನಿಲ್ಲುತ್ತಾಳೆ, ಆದರೆ ಪ್ರತಿ ಸೆಮಿಸ್ಟರಿನ ಶುಲ್ಕವನ್ನು ಕೈಯಿಂದ ಮುಂಗಡ ಕಟ್ಟಬೇಕು. ಸಾಲ ಬೇಕೆಂದರೆ ಪೌರತ್ವ. ಪೌರತ್ವ ಬೇಕೆಂದರೆ ಭಾರತದ ಪಾಸ್‌ಪೋರ್ಟ್ ಒಪ್ಪಿಸಬೇಕು, ಏಕೆಂದರೆ ನಮ್ಮ ದೇಶ ಎರಡು ಪೌರತ್ವ ಒಪ್ಪುವುದಿಲ್ಲ. ಅಲ್ಲಿಗೆ ಊರಿನ ಮತವೂ ಹೋಯಿತು. ಓ.ಸಿ.ಐ. ಕಾರ್ಡು ವಿಮಾನ ನಿಲ್ದಾಣದ ಸಾಲಿಗೆ ಅನುಕೂಲ. ಅದರಿಂದ ಮತ ಹಾಕಲಾಗದು. ಒಂದು ಪದವಿಯ ಕಂತಿಗಾಗಿ ಮತದಾನದ ಹಕ್ಕನ್ನು ತೂಗಿ ನೋಡುವ ಸ್ಥಿತಿಗೆ ಯಾರೂ ಬರಬಾರದು. ಈ ನಿಯಮ ಬದಲಾಗಬೇಕೆಂದು ಇಲ್ಲಿನ ಸಂಸದರಿಗೆ ಬರೆಯುವುದು, ಒಕ್ಕೂಟಗಳಲ್ಲಿ ಎತ್ತುವುದು ನಮ್ಮಂಥವರ ಕೆಲಸ. ನಮ್ಮ ಸಂಘಗಳು ಹಬ್ಬದೂಟಕ್ಕೆ ಸಭಾಂಗಣ ಹಿಡಿಯುವಷ್ಟೇ ಉತ್ಸಾಹದಿಂದ ಇದನ್ನೂ ಹಿಡಿದರೆ ಸಂತೋಷ.

ಇನ್ನೊಂದು ಸಾಲವಿದೆ, ಅದು ಯಾವ ಅರ್ಜಿಯಲ್ಲಿಯೂ ಕಾಣುವುದಿಲ್ಲ. ಊರಿನಿಂದ ಆರು ತಿಂಗಳಿಗೆಂದು ಬಂದ ಅಮ್ಮನೋ ಅತ್ತೆಯೋ ಮಕ್ಕಳನ್ನು ನೋಡಿಕೊಂಡು, ಸಾರು ಪಲ್ಯ ಮಾಡಿಟ್ಟು, ಒಂದು ಸೆಮಿಸ್ಟರನ್ನು ದಾಟಿಸುತ್ತಾರೆ. ಮಗನ ಓದಿಗೆ ಹೀಗೆ ಬಂದು ನಿಂತವರು ಸೊಸೆಯ ಓದಿಗೂ ಬರುತ್ತಾರೆಯೇ ಎಂಬ ಸಮೀಕ್ಷೆಯನ್ನು ನಮ್ಮ ನಮ್ಮ ಮನೆಗಳಲ್ಲೇ ಮಾಡಬಹುದು. ಗಂಡನ ಎಂ.ಬಿ.ಎ.ಗೆ ಮನೆಯ ಒಂದು ಕೋಣೆ ಮೀಸಲಾಗುತ್ತದೆ. ಹೆಂಡತಿಯ ಓದು ಊಟದ ಮೇಜಿನ ಮೇಲೆ, ಪಾತ್ರೆ ತೊಳೆದ ಮೇಲೆ.

ಇಷ್ಟೆಲ್ಲ ಆಗಿಯೂ ಓದಬೇಕೇ ಎಂದರೆ, ಸಾಧ್ಯವಿರುವವರು ಓದಿ ಎನ್ನುತ್ತೇನೆ. ಸಂಬಳ ಏರುತ್ತದೆಂಬ ಭರವಸೆ ನಾನು ಕೊಡುವುದಿಲ್ಲ. 215 ನಿಮಿಷ ಎಂಬಂಥ ಸಂಖ್ಯೆಗಳನ್ನು ತೀರ್ಮಾನಿಸುವ ಮೇಜಿನ ಸುತ್ತ ರಾತ್ರಿ ಪಾಳಿ ಮಾಡಿದವರು ಕೂರುವುದು ಅಪರೂಪ. ಮಾತನಾಡಲು ಅಲ್ಲಿಯ ಭಾಷೆ ಬೇಕು; ಈ ಪದವಿ ಆ ಭಾಷೆ ಕಲಿಸುತ್ತದೆ. ಕರ್ನಾಟಕದ ಆಶಾ ಕಾರ್ಯಕರ್ತೆಯರನ್ನು ನೋಡಿ. ಹಳ್ಳಿಯ ಬಸುರಿ ಬಾಣಂತಿಯರ ಲೆಕ್ಕವೆಲ್ಲ ಅವರ ಪುಸ್ತಕದಲ್ಲಿದೆ. ಆದರೂ 2025ರ ಜನವರಿಯಲ್ಲಿ ತಮ್ಮ ಗೌರವಧನದ ಲೆಕ್ಕ ಕೇಳಲು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಚಳಿಯಲ್ಲಿ ಮಲಗಬೇಕಾಯಿತು. ಅಂಕಿ ಅಂಶ ಸಂಗ್ರಹಿಸುವವರು ಬೇರೆ, ಅದನ್ನು ಓದುವವರು ಬೇರೆ ಎಂಬ ಏರ್ಪಾಡು ಎರಡು ದೇಶಗಳಲ್ಲಿಯೂ ಒಂದೇ.

ಮುಂದಿನ ಸೆಮಿಸ್ಟರಿಗೆ ಅರ್ಜಿ ಹಾಕುವ ಯೋಚನೆ ಇರುವವರು ಚಹಾದ ಹೊತ್ತಿನಲ್ಲಿ ನನ್ನ ಬಳಿ ಬನ್ನಿ. ಅರ್ಧಕ್ಕೆ ಬಿಟ್ಟವರೂ ಬನ್ನಿ. ನಿಮ್ಮಿಂದ ತಿಳಿಯಬೇಕಾದದ್ದು ಹೆಚ್ಚಿದೆ. ಬಯೋಸ್ಟಾಟಿಸ್ಟಿಕ್ಸ್‌ನ ನನ್ನ ಟಿಪ್ಪಣಿಗಳನ್ನು ಕನ್ನಡದಲ್ಲಿಯೇ ಬರೆದುಕೊಂಡಿದ್ದೆ, ಮೂರು ನೋಟುಪುಸ್ತಕ. ಬಾಗಿಲ ಪಕ್ಕದ ಮೇಜಿನ ಮೇಲಿಟ್ಟಿದ್ದೇನೆ, ಬೇಕಾದವರು ಒಯ್ಯಬಹುದು.