ಗೇರ್‌ಬಾಕ್ಸ್ ಏರಿಸಿದ ಮೇಲೆ ಕ್ಲಚ್ಚಿನ ಪರೀಕ್ಷೆ



ಗುಬ್ಬಿಯ ತೆಂಗಿನಕಾಯಿ, ಕುಣಿಗಲ್ಲಿನ ರಾಗಿ ತುಮಕೂರಿನ ಮಾರುಕಟ್ಟೆಗೆ ಹೋಗುವುದು ಈಗ ಎತ್ತಿನ ಗಾಡಿಯಲ್ಲಲ್ಲ, ಮೋಟಾರು ಗಾಡಿಯಲ್ಲಿ. ಆ ಗಾಡಿಯ ಗೇರ್‌ಬಾಕ್ಸ್ ಇಳಿಸಿ ರಿಪೇರಿ ಮಾಡಿಸಿದಿರಿ, ಇಲ್ಲವೆ ಬೇರೆಯದನ್ನೇ ಹಾಕಿಸಿದಿರಿ ಅನ್ನಿ. ಮನೆಗೆ ತಂದ ಕೂಡಲೇ ಹೊರೆ ಏರಿಸಬೇಡಿ. ಮೊದಲು ಕ್ಲಚ್ ನೋಡಿ. ಕ್ಲಚ್ ಪೂರ್ತಿ ಬಿಡದಿದ್ದರೆ, ಪೆಡಲ್ ತುಳಿದೇ ಇದ್ದರೂ ಗಾಡಿ ಮುಂದಕ್ಕೆ ಎಳೆಯುತ್ತದೆ. ಸಂತೆಯ ಜನರ ನಡುವೆ ಹೀಗಾದರೆ ಗತಿ ಏನು?

ಕ್ಲಚ್ಚಿನಲ್ಲಿ ತಂತಿ ಎಳೆಯುವುದು ಒಂದು ಬಗೆ, ಎಣ್ಣೆಯ ಒತ್ತಡದಿಂದ ನಡೆಯುವುದು ಇನ್ನೊಂದು. ಎರಡನೆಯದೇ ಹೈಡ್ರಾಲಿಕ್ ಕ್ಲಚ್. ಪೆಡಲ್ ತುಳಿದಾಗ ಮಾಸ್ಟರ್ ಸಿಲಿಂಡರು ಎಣ್ಣೆಯನ್ನು ಕೊಳವೆಯಲ್ಲಿ ತಳ್ಳುತ್ತದೆ. ಗೇರ್‌ಬಾಕ್ಸಿನ ಹತ್ತಿರದ ಸಣ್ಣ ಸಿಲಿಂಡರು ಒಂದು ಕಡ್ಡಿಯನ್ನು ನೂಕಿ ಕ್ಲಚ್ಚಿನ ಹಿಡಿತ ಬಿಡಿಸುತ್ತದೆ. ಕೊಳವೆಯಲ್ಲಿ ಗಾಳಿ ಸೇರಿದರೆ ನಿಮ್ಮ ಕಾಲಿನ ಬಲ ಆ ಗಾಳಿಯನ್ನು ಅದುಮುವುದರಲ್ಲೇ ಮುಗಿದುಹೋಗ್ತದೆ.

ಪರೀಕ್ಷೆಗೆ ಗಾಡಿಯನ್ನು ಸಮನೆಲದಲ್ಲಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು, ಚಕ್ರಗಳಿಗೆ ಎರಡೂ ಕಡೆ ಕಲ್ಲು ಕೊಡಿ. ಗಾಡಿಯ ಹಿಂದೆ ಮುಂದೆ ಮಕ್ಕಳು ಬೇಡ.

ಒಂದು: ಎಂಜಿನ್ ನಿಲ್ಲಿಸಿ ಎಣ್ಣೆಯ ಡಬ್ಬಿ ನೋಡಿ. ಗುರುತಿಗಿಂತ ಕೆಳಗಿದ್ದರೆ ಸೋರಿಕೆ ಹುಡುಕಿ. ಪೆಡಲಿನ ಮೇಲ್ಭಾಗ, ಕೊಳವೆಯ ಸೇರುವೆ, ಕೆಳಗಿನ ಸಿಲಿಂಡರಿನ ರಬ್ಬರು, ಈ ಮೂರು ಕಡೆ ಒದ್ದೆ ಇದೆಯೇ ಮುಟ್ಟಿ ನೋಡಿ.

ಎರಡು: ಪೆಡಲ್ ತುಳಿಯಿರಿ. ಮೆತ್ತಗಿದ್ದು, ನಾಲ್ಕಾರು ಸಲ ತುಳಿದ ಮೇಲೆ ಗಟ್ಟಿಯಾದರೆ ಒಳಗೆ ಗಾಳಿ ಇದೆ ಅನ್ನಬಹುದು. ಒತ್ತಿ ಹಿಡಿದಾಗ ತಾನಾಗಿ ಕೆಳಗಿಳಿದರೆ ಎಲ್ಲೋ ಸೋರುತ್ತಿದೆ, ಇಲ್ಲವೆ ಸಿಲಿಂಡರಿನ ರಬ್ಬರು ಸವೆದಿದೆ.

ಮೂರು: ಎಂಜಿನ್ ಚಾಲೂ ಮಾಡಿ, ಪೆಡಲನ್ನು ಪೂರ್ತಿ ತುಳಿದು ಮೂರು ನಾಲ್ಕು ಸೆಕೆಂಡು ಕಾಯಿರಿ. ಆಮೇಲೆ ಮೆಲ್ಲಗೆ ರಿವರ್ಸ್ ಗೇರು ಹಾಕಿ. ಕರಕರ ಶಬ್ದ ಬಂದರೆ, ಅಥವಾ ಗಾಡಿ ಎಳೆದರೆ, ಕ್ಲಚ್ ಬಿಡುತ್ತಿಲ್ಲ.

ಗಾಳಿ ತೆಗೆಯುವುದು ಇಬ್ಬರ ಕೆಲಸ. ಮನೆಯಾಕೆಯೋ ಮಗನೋ ಪೆಡಲಿನ ಮೇಲೆ ಕೂರಲಿ; ಎಂಜಿನ್ ನಿಂತಿರಲಿ. ಕೆಳಗಿನ ಸಿಲಿಂಡರಿನ ನಿಪ್ಪಲ್‌ಗೆ ರಬ್ಬರು ನಳಿಗೆ ಹಾಕಿ, ಅದರ ತುದಿಯನ್ನು ಎಣ್ಣೆಯಿರುವ ಸೀಸೆಯಲ್ಲಿ ಅದ್ದಿ. ಅವರು ತುಳಿದು ಹಿಡಿಯಲಿ, ನೀವು ನಿಪ್ಪಲ್ ಸಡಿಲಿಸಿ. ಗುಳ್ಳೆ ಹೊರಬಂದ ಮೇಲೆ ಬಿಗಿಮಾಡಿ, ಆಮೇಲೆಯೇ ಕಾಲು ತೆಗೆಯಲು ಹೇಳಿ. ಗುಳ್ಳೆ ನಿಲ್ಲುವವರೆಗೂ ಹೀಗೇ ಮಾಡಿ. ನಡುವೆ ಡಬ್ಬಿ ಬರಿದಾದರೆ ಮತ್ತೆ ಗಾಳಿ ಹೊಕ್ಕೀತು, ಜೋಕೆ. ಬರೀ ಜಾಕಿನ ಮೇಲೆ ನಿಂತ ಗಾಡಿಯ ಕೆಳಗೆ ನುಗ್ಗಬೇಡಿ.

ಎಣ್ಣೆ ಯಾವುದು? ಗಾಡಿಯ ಪುಸ್ತಕದಲ್ಲಿ ಹೇಳಿದ್ದೇ ಆಗಬೇಕು. ಸಾಮಾನ್ಯವಾಗಿ ಡಾಟ್ 3 ಅಥವಾ ಡಾಟ್ 4 ಬ್ರೇಕ್ ಆಯಿಲ್. ಅದರ ಬದಲು ಎಂಜಿನ್ ಆಯಿಲ್ ಹೊಯ್ದರೆ ರಬ್ಬರುಗಳು ಉಬ್ಬಿ ಕೆಡುತ್ತವೆ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ, ಬಣ್ಣ ತಿನ್ನುತ್ತದೆ. ಮುಚ್ಚಿಟ್ಟ ಹೊಸ ಡಬ್ಬಿಯದನ್ನೇ ಬಳಸಿ.

ಇಷ್ಟೆಲ್ಲ ಆಗಿ, ಪೆಡಲ್ ಗಟ್ಟಿಯಿದ್ದು, ಕಡ್ಡಿ ಸರಿಯಾಗಿ ಚಲಿಸಿದರೂ ಗೇರು ಕರಕರ ಅಂದರೆ, ಆಗ ದೋಷ ಒಳಗಿನದು. ಮೆಕ್ಯಾನಿಕ್ ಗೇರ್‌ಬಾಕ್ಸ್ ಇಳಿಸಲಿ. ಮೊದಲೇ ಇಳಿಸಿದರೆ ಬೆಟ್ಟ ಅಗೆದು ಇಲಿ ಹಿಡಿದ ಹಾಗೆ.

ತಾನಾಗಿ ಗೇರು ಬದಲಿಸುವ ಗಾಡಿಯನ್ನು ಕೈಗೇರಿಗೆ ಮಾರ್ಪಡಿಸಿದರೂ ಪರೀಕ್ಷೆ ಇದೇ. ಆದರೆ ತಯಾರಕರ ವಿವರಕ್ಕೆ ವಿರುದ್ಧವಾಗಿ ಗಾಡಿ ಮಾರ್ಪಡಿಸುವುದಕ್ಕೆ 1988ರ ಮೋಟಾರು ವಾಹನ ಕಾಯಿದೆಯ 52ನೇ ಕಲಮಿನ ತಡೆ ಇದೆ. ಕೆಲಸಕ್ಕೆ ಮುಂಚೆಯೇ ತುಮಕೂರಿನ ಆರ್.ಟಿ.ಓ. ಕಚೇರಿಯಲ್ಲಿ ವಿಚಾರಿಸಿ.

ಅರ್ಧ ಗಂಟೆಯ ಪರೀಕ್ಷೆ ಒಂದು ಜೀವ ಉಳಿಸೀತು.