ನಗರದ ದಂಗೆ: ಒಂದು ವರ್ಷದ ಕಾಳಗ, ಐವತ್ತು ವರ್ಷದ ಫಲ

ಕೈಲಾಂಚದಿಂದ ರಾಮನಗರಕ್ಕೆ ಹೋಗುವಾಗ ಕಾಣುವ ಬಂಡೆಗಳನ್ನು ಭೂವಿಜ್ಞಾನಿಗಳು ‘ಕ್ಲೋಸ್‌ಪೇಟೆ ಗ್ರಾನೈಟ್’ ಎನ್ನುತ್ತಾರೆ. ಕ್ಲೋಸ್‌ಪೇಟೆ ರಾಮನಗರದ ಹಿಂದಿನ ಹೆಸರು. ಬ್ಯಾರಿ ಕ್ಲೋಸ್, ಟಿಪ್ಪುವಿನ ಪತನದ ನಂತರ ಮೈಸೂರಿಗೆ ಬಂದ ಬ್ರಿಟಿಷ್ ರೆಸಿಡೆಂಟ್. 1799ರ ಒಪ್ಪಂದದಲ್ಲಿ ಒಂದು ಷರತ್ತಿತ್ತು: ತನಗೆ ಬರಬೇಕಾದ ಹಣಕ್ಕೆ ಧಕ್ಕೆಯೆನಿಸಿದರೆ ಕಂಪನಿ ಆಡಳಿತವನ್ನೇ ವಹಿಸಿಕೊಳ್ಳಬಹುದು.

ಅದಕ್ಕೆ ಕಾರಣ 1830ರಲ್ಲಿ ಒದಗಿತು. ಇಂತಿಷ್ಟು ಕಂದಾಯ ಕಟ್ಟುವೆನೆಂದು ಒಪ್ಪಿಕೊಂಡ ಅಧಿಕಾರಿಗಳು ರೈತರನ್ನು ಹಿಂಡುತ್ತಿದ್ದರು. ನಗರ ಸೀಮೆಯ ರೈತರು ಕೂಟ ಕಟ್ಟಿದರು. ಬೂದಿ ಬಸವಪ್ಪನೂ ತರೀಕೆರೆಯ ಪಾಳೆಯಗಾರರೂ ಜೊತೆಗೂಡಿದರು. ಎದುರಿಗೆ ಅರಸನ ಸೈನ್ಯ. ಒಂದೇ ನಾಡಿನವರು ಹೀಗೆ ಕಾದಾಡಿದ್ದನ್ನು ಅಂತರ್ಯುದ್ಧವೆಂದರೆ ತಪ್ಪೇನೂ ಇಲ್ಲ. ಹೊನ್ನಾಳಿ, ಕಾಮನದುರ್ಗಗಳಲ್ಲಿ ಕಾಳಗ ನಡೆಯಿತು. ಫತ್ತೇಪೇಟೆಯಲ್ಲಿ ಕಂಪನಿಯ ಪಡೆಯೇ ಹಿಮ್ಮೆಟ್ಟಬೇಕಾಯಿತು. 1831ರ ಜೂನ್‌ನಲ್ಲಿ ನಗರ ಅದರ ವಶವಾಯಿತು.

ಅಕ್ಟೋಬರಿನಲ್ಲಿ ಬೆಂಟಿಂಕ್ ಇಡೀ ರಾಜ್ಯವನ್ನು ಕೈಗೆತ್ತಿಕೊಂಡ. ಕಾಳಗವನ್ನೇ ಕಾಣದ ನಮ್ಮ ಸೀಮೆಯೂ ಕಮಿಷನರ್ ಆಳ್ವಿಕೆಗೆ ಸೇರಿತು. ಮಾರ್ಕ್ ಕಬ್ಬನ್ 769 ಚಿಲ್ಲರೆ ತೆರಿಗೆಗಳನ್ನು ತೆಗೆದುಹಾಕಿದ. ರಸ್ತೆ, ಸೇತುವೆಗಳನ್ನು ಕಟ್ಟಿಸಿದ. ರೈತರು ಕೇಳಿದ್ದರಲ್ಲಿ ಒಂದಿಷ್ಟು ಹೀಗೆ ಪರರ ಕೈಯಿಂದ ಬಂತು!

ಅರಸನ ಮೇಲಿನ ಆರೋಪಗಳಲ್ಲಿ ಉತ್ಪ್ರೇಕ್ಷೆಯಿತ್ತೆಂದು 1833ರಲ್ಲಿ ಕಂಪನಿಯದೇ ವಿಚಾರಣಾ ಸಮಿತಿ ಕಂಡುಕೊಂಡಿತು. ಬೆಂಟಿಂಕನಿಗೂ ಅಳುಕಾಯಿತು. ಆದರೂ ರಾಜ್ಯ ಮರಳಲಿಲ್ಲ. ಮುಮ್ಮಡಿ ಕೃಷ್ಣರಾಜರು ಕೇಳುತ್ತಲೇ 1868ರಲ್ಲಿ ತೀರಿಕೊಂಡರು. ಅದು ಅವರ ದತ್ತುಪುತ್ರ ಚಾಮರಾಜರ ಕೈಸೇರಿದ್ದು 1881ರ ಮಾರ್ಚ್ 25ರಂದು.